ನಾರ್ವೆ: ಯೋಟುನ್‌ಹೈಮೆನ್ ಪರ್ವತ ಪ್ರದೇಶದ ಕ್ಯಾಬಿನ್‌ಗಳಿಗೆ ಏನೇನು ಹೊರಬೇಕು?

ಪ್ರಶ್ನೆ: ಆಗಸ್ಟ್‌ನಲ್ಲಿ ನಾಲ್ಕು ದಿನದ ನಡಿಗೆ. ಡಿಎನ್‌ಟಿ (ನಾರ್ವೆಯ ಚಾರಣ ಸಂಘ) ಕ್ಯಾಬಿನ್‌ಗಳಿಗೆ ಸ್ಲೀಪಿಂಗ್ ಬ್ಯಾಗ್, ಸ್ಟವ್ ಬೇಕಾ? ನಾವು ಸಸ್ಯಾಹಾರಿಗಳು.

ಉತ್ತರ 1: ಎರಡೂ ಬೇಡ. ಹೊದಿಕೆ ಅಲ್ಲೇ ಇರುತ್ತದೆ. ಅದರೊಳಗೆ ಹಾಕಿಕೊಂಡು ಮಲಗುವ ತೆಳು ಬಟ್ಟೆಯ ಚೀಲ (ಲೈನರ್) ಮಾತ್ರ ನಿಮ್ಮದೇ ಇರಲಿ. ಯೆಂಡೆಸ್‌ಹೈಮ್‌ನಂಥ ಸಿಬ್ಬಂದಿ ಇರುವ ಕ್ಯಾಬಿನ್‌ಗಳಲ್ಲಿ ಊಟ ಸಿಗುತ್ತದೆ, ಸಸ್ಯಾಹಾರವೆಂದು ಮೊದಲೇ ತಿಳಿಸಿ. ಸೆಲ್ಫ್ ಸರ್ವಿಸ್ ಕ್ಯಾಬಿನ್‌ನಲ್ಲಿ ಗ್ಯಾಸ್, ಸೌದೆ, ಪಾತ್ರೆ, ಡಬ್ಬಿ ಆಹಾರ ಇರುತ್ತವೆ. ಸಿಬ್ಬಂದಿಯೂ ದಿನಸಿಯೂ ಇಲ್ಲದ ಮೂರನೇ ಬಗೆಯಲ್ಲಿ ಊಟ ಹೊತ್ತೇ ಹೋಗಬೇಕು. ಹಲವು ಕಡೆ ಬೀಗ ಇರುತ್ತದೆ, ಡಿಎನ್‌ಟಿ ಕೀ ಮೊದಲೇ ಪಡೆಯಿರಿ.

ಉತ್ತರ 2: ನಿಮ್ಮ ಯೋಜನೆಯಲ್ಲಿ ಬೆಸ್ಸೆಗ್ಗೆನ್ ಎಂಬ ಬೆಟ್ಟದ ಏಣು ಇದ್ದರೆ, ಬೆಳಿಗ್ಗೆ ದೋಣಿಯಲ್ಲಿ ಸರೋವರದ ದಡದ ಮೆಮುರುಬು ತಲುಪಿ, ಅಲ್ಲಿಂದ ಯೆಂಡೆಸ್‌ಹೈಮ್‌ಗೆ ನಡೆಯಿರಿ. ಸುಮಾರು 14 ಕಿ.ಮೀ. ಕಡಿದಾದ ಬಂಡೆಯನ್ನು ಹತ್ತುವುದು ಇಳಿಯುವುದಕ್ಕಿಂತ ಸಲೀಸು. ಸಂಜೆ ದೋಣಿ ತಪ್ಪುವ ಗಾಬರಿಯೂ ಇಲ್ಲ. ಮಂಜು ಕವಿದರೆ ಕಲ್ಲಿನ ಮೇಲಿನ ಕೆಂಪು ‘ಟಿ’ ಗುರುತು ಬಿಟ್ಟು ಅಲೆಯಬೇಡಿ. ಜೋರು ಗಾಳಿ ಇದ್ದರೆ ಆ ದಿನ ಏಣು ಬೇಡವೇ ಬೇಡ.