ಎರಡನೇ ರಾತ್ರಿಗೇ ವ್ಯಾನಿನ ಬ್ಯಾಟರಿ ಖಾಲಿ: ಒರೆಗಾನ್ ಕರಾವಳಿಯಲ್ಲಿ ಯಾವ ಕ್ಯಾಂಪ್‌ಗ್ರೌಂಡ್ ಹಿಡಿಯಲಿ?

ವಾರಾಹಿತೀರ:
ಕಳೆದ ವರ್ಷ ಮೇ ತಿಂಗಳಲ್ಲಿ ಬಾಡಿಗೆ ಕ್ಯಾಂಪರ್ ವ್ಯಾನಿನಲ್ಲಿ ಅಪ್ಪ ಅಮ್ಮನನ್ನು ಕ್ಯಾಲಿಫೋರ್ನಿಯಾ ಕರಾವಳಿಯ ಬಿಗ್ ಸರ್‌ಗೆ ಕರೆದೊಯ್ದಿದ್ದೆ. ರೆಡ್‌ವುಡ್ ಮರಗಳ ಕೆಳಗಿನ ಸೈಟು, ಮೂರು ರಾತ್ರಿಯ ಬುಕಿಂಗ್. ಎರಡನೇ ರಾತ್ರಿ ಮೂರು ಗಂಟೆಗೆ ಫ್ರಿಜ್‌ನ ಕೆಂಪು ದೀಪ ಮಿನುಗತೊಡಗಿತು, ಹಿಂದೆಯೇ ಹೀಟರ್ ನಿಂತಿತು. ಫ್ರಿಜ್‌ನಲ್ಲಿ ಅಪ್ಪನ ಇನ್ಸುಲಿನ್ ಇತ್ತು. ಆ ರಾತ್ರಿ ಮತ್ತೆ ನಿದ್ದೆ ಬರಲಿಲ್ಲ.

ವ್ಯಾನಿನಲ್ಲಿ 100 ಎಎಚ್‌ನ (ಆಂಪಿಯರ್-ಅವರ್) ಎಜಿಎಂ ಬ್ಯಾಟರಿ (ಮುಚ್ಚಿದ ಸೀಸ-ಆಮ್ಲದ ಬಗೆ), ಮೇಲೆ 100 ವ್ಯಾಟ್ ಸೋಲಾರ್ ಫಲಕ. ಬ್ಯಾಟರಿಯೇ ಕೆಟ್ಟಿತ್ತೇ? ಈ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕಡೆಯಿಂದ ಒರೆಗಾನ್ ಕರಾವಳಿಗೆ ಹೊರಡುವ ಯೋಚನೆಯಿದೆ. ಅಮ್ಮ ಕುಂದಾಪುರದವರು, ಬೆಳಿಗ್ಗೆ ಎದ್ದರೆ ಕಡಲು ಕಾಣಬೇಕು ಎನ್ನುತ್ತಾರೆ. ಯಾವ ಕ್ಯಾಂಪ್‌ಗ್ರೌಂಡ್ ಹಿಡಿಯಲಿ?

ಚಕ್ರದಮನೆ:
ಬ್ಯಾಟರಿಯ ಮೇಲೆ ನನಗೆ ಅನುಮಾನವಿಲ್ಲ. ಲೆಕ್ಕ ಹಾಕಿ ನೋಡಿ. ಎಜಿಎಂ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದರೆ ನಿಮ್ಮ ಕೈಗೆ ಸಿಗುವುದು 50 ಎಎಚ್. ಫ್ರಿಜ್ 4 ಆಂಪಿಯರ್ ಎಳೆಯುತ್ತ ದಿನದ ಮೂರನೇ ಒಂದು ಪಾಲು ಓಡಿದರೂ 32 ಎಎಚ್ ಹೋಯಿತು. ರಾತ್ರಿಯಿಡೀ ಹೀಟರಿನ ಫ್ಯಾನ್, ಜೊತೆಗೆ ದೀಪ, ಮೊಬೈಲ್ ಸೇರಿದರೆ ಒಂದೇ ದಿನಕ್ಕೆ 50ರ ಹತ್ತಿರ ಬರುತ್ತದೆ. ರೆಡ್‌ವುಡ್ ನೆರಳಿನಲ್ಲಿ ಸೋಲಾರ್ ಫಲಕ ಇದ್ದೂ ಇಲ್ಲದ ಹಾಗೆ. ವ್ಯಾನ್ ನಿಂತಲ್ಲೇ ಇದ್ದುದರಿಂದ ಎಂಜಿನ್‌ನಿಂದಲೂ ಚಾರ್ಜ್ ಆಗಲಿಲ್ಲ. ಎರಡನೇ ರಾತ್ರಿ ಮೂರು ಗಂಟೆಯವರೆಗೆ ಬಂದದ್ದೇ ದೊಡ್ಡದು.

ಹಾಗಾಗಿ ನೀವು ಬದಲಿಸಬೇಕಾದದ್ದು ಸೈಟನ್ನು. ಕ್ಯಾಲಿಫೋರ್ನಿಯಾದ ಕರಾವಳಿಯ ಸ್ಟೇಟ್ ಪಾರ್ಕ್‌ಗಳಲ್ಲಿ ವಿದ್ಯುತ್ ಹುಕಪ್ (ವ್ಯಾನಿಗೆ ಕರೆಂಟ್ ಜೋಡಿಸುವ ಪ್ಲಗ್) ಇರುವ ಸೈಟುಗಳು ಕಡಿಮೆ. ಒರೆಗಾನ್‌ನ ದೊಡ್ಡ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಅವು ಧಾರಾಳ, ಬಿಸಿನೀರಿನ ಸ್ನಾನಕ್ಕೂ ಬೇರೆ ಕಾಸು ಕೊಡಬೇಕಿಲ್ಲ. ಇನ್ಸುಲಿನ್ ಜೊತೆಗಿರುವಾಗ ನಾನಾಗಿದ್ದರೆ ವಿದ್ಯುತ್ ಇಲ್ಲದ ಸೈಟಿನಲ್ಲಿ ಎರಡು ರಾತ್ರಿ ನಿಲ್ಲುತ್ತಲೇ ಇರಲಿಲ್ಲ.

ಮೊದಲ ದಿನವೇ ಒರೆಗಾನ್ ಮುಟ್ಟಲು ಹೋಗಬೇಡಿ, ಅಪ್ಪನಿಗೆ ಆಯಾಸವಾಗುತ್ತದೆ. ಉತ್ತರ ಕ್ಯಾಲಿಫೋರ್ನಿಯಾದ ಟ್ರಿನಿಡಾಡ್ ಊರಿನ ಸಮೀಪದ ಸು-ಮೆಗ್ ಪಾರ್ಕಿನಲ್ಲಿ ಒಂದು ರಾತ್ರಿ ತಂಗಿ (2021ರವರೆಗೆ ಇದರ ಹೆಸರು ಪ್ಯಾಟ್ರಿಕ್ಸ್ ಪಾಯಿಂಟ್). ಅಲ್ಲಿ ಹುಕಪ್ ಇಲ್ಲ. ಆದರೆ ದಿನವಿಡೀ ಓಡಿಸಿ ಬಂದ ಬ್ಯಾಟರಿಗೆ ಒಂದು ರಾತ್ರಿ ಭಾರವಲ್ಲ. ಅಲ್ಲಿಂದ ಉತ್ತರಕ್ಕಿರುವ ಗೋಲ್ಡ್ ಬ್ಲಫ್ಸ್ ಬೀಚ್‌ನ ಚಿತ್ರ ನೋಡಿ ಮನಸ್ಸು ಹೋಗಬಹುದು. ಅದಕ್ಕೆ ಮಣ್ಣಿನ ರಸ್ತೆ, 24 ಅಡಿಗಿಂತ ಉದ್ದದ ವಾಹನ ಬಿಡುವುದಿಲ್ಲ. ಬಾಡಿಗೆ ಕರಾರಿನಲ್ಲಿ ಮಣ್ಣಿನ ರಸ್ತೆಗೆ ಅನುಮತಿ ಇದೆಯೇ ಎಂದು ಮೊದಲು ಓದಿಕೊಳ್ಳಿ.

ಗಡಿ ದಾಟಿದ ಮೇಲೆ ಬ್ರೂಕಿಂಗ್ಸ್‌ನ ಹ್ಯಾರಿಸ್ ಬೀಚ್. ಅಮ್ಮನ ಆಸೆಗೆ ಇದೇ ಸರಿ. ಸೈಟಿನಿಂದ ನಡೆದೇ ಕಡಲಿಗೆ ಇಳಿಯಬಹುದು, ಬಂಡೆಗಳ ನಡುವೆ ಅಲೆ ಒಡೆಯುವುದನ್ನು ಕೂತು ನೋಡಬಹುದು. ಎರಡು ರಾತ್ರಿ ಇಡಿ. ಬ್ಯಾಂಡನ್ ಪಕ್ಕದ ಬುಲಾರ್ಡ್ಸ್ ಬೀಚ್‌ನಲ್ಲಿ ಸೈಟಿನಿಂದ ಕಡಲು ಕಾಣುವುದಿಲ್ಲ, ಸುಮಾರು ಒಂದೂವರೆ ಮೈಲಿ ದೂರ. ಆದರೆ ಪೈನ್ ಮರಗಳು ವಾಯವ್ಯದ ಗಾಳಿಯನ್ನು ತಡೆಯುತ್ತವೆ. ಆ ಗಾಳಿಯಲ್ಲಿ ಬಯಲಿನಲ್ಲಿ ಒಲೆ ಹೊತ್ತಿಸಲು ಹೆಣಗಿದವರಿಗೇ ಆ ಮರಗಳ ಬೆಲೆ ಗೊತ್ತು. ಫ್ಲಾರೆನ್ಸ್ ಬಳಿಯ ಹನಿಮನ್ ಕೂಡ ಹಾಗೆಯೇ: ಕೆರೆ ಇದೆ, ಮರಳಿನ ದಿಬ್ಬಗಳಿವೆ, ಕಡಲು ದಿಬ್ಬಗಳಾಚೆ.

ಕಡಲು ಕಾಣುವ ಸೈಟೇ ಬೇಕೆಂಬ ಹಟ ಬಿಡಿ. ಒರೆಗಾನ್‌ನಲ್ಲಿ 1967ರ ಕಾನೂನಿನಿಂದಾಗಿ ಬೀಚ್‌ಗಳೆಲ್ಲ ಜನರ ಬಳಕೆಗೆ ತೆರೆದಿವೆ. ಹೆದ್ದಾರಿ 101ರ ಉದ್ದಕ್ಕೂ ಇಳಿಯುವ ಜಾಗಗಳಿಗೆ ಬರವಿಲ್ಲ. ಹಗಲು ಕಡಲ ಬದಿಯಲ್ಲಿ ಕಳೆಯಿರಿ, ರಾತ್ರಿಗೆ ಗಾಳಿಯ ಮರೆ ಮತ್ತು ಪ್ಲಗ್ ಇರುವ ಕಡೆ ಮಲಗಿ.

ವಾರಾಹಿತೀರ:
ಲೆಕ್ಕ ನೋಡಿದ ಮೇಲೆ ಎಲ್ಲ ಅರ್ಥವಾಯಿತು. ಬುಕಿಂಗ್ ಯಾವಾಗ ತೆರೆಯುತ್ತದೆ?

ಚಕ್ರದಮನೆ:
ಎರಡೂ ರಾಜ್ಯಗಳಲ್ಲಿ ಆರು ತಿಂಗಳು ಮೊದಲು. ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 8ಕ್ಕೆ. ಶುಕ್ರವಾರ, ಶನಿವಾರದ ರಾತ್ರಿಗಳನ್ನು ಮೊದಲು ಹಿಡಿಯಿರಿ. ಸಿಗದಿದ್ದರೆ ಆಗಾಗ ನೋಡುತ್ತಿರಿ, ರದ್ದಾದ ಸೈಟುಗಳು ಮತ್ತೆ ಕಾಣಿಸಿಕೊಳ್ಳುತ್ತವೆ.

ಸೂಜಿಮಲ್ಲಿಗೆ:
ಒಂದು ಸಣ್ಣ ಮಾತು. ವಿದ್ಯುತ್ ಸೈಟಿನ ಪೆಟ್ಟಿಗೆಯಲ್ಲಿ 30 ಆಂಪಿಯರ್ ಸಾಕೆಟ್ ಇರುತ್ತದೆ. ಕೆಲವು ವ್ಯಾನುಗಳ ಕೇಬಲ್ 15 ಆಂಪಿಯರ್‌ನದು, ಅಡಾಪ್ಟರ್ ಬೇಕು. ವ್ಯಾನ್ ಪಡೆಯುವಾಗಲೇ ಕೇಳಿ ಪಡೆಯಿರಿ.

ವಾರಾಹಿತೀರ:
ಹೋಗಿ ಬಂದೆವು. ಹ್ಯಾರಿಸ್ ಬೀಚ್‌ನಲ್ಲಿ ಬೆಳಿಗ್ಗೆ ಆರಕ್ಕೆ ಎದ್ದು ಬ್ಯಾಟರಿಯ ಮೀಟರ್ ನೋಡಿದೆ: 13.6 ವೋಲ್ಟ್, ಚಾರ್ಜ್ ಆಗುತ್ತಲೇ ಇತ್ತು. ಇನ್ಸುಲಿನ್ ತಣ್ಣಗಿತ್ತು. ಅಮ್ಮ ಅಷ್ಟರಲ್ಲೇ ಎದ್ದು, ಸ್ವೆಟರಿನ ಮೇಲೆ ಶಾಲು ಹೊದ್ದು, ಕಡಲಿನ ಕಡೆ ನಡೆದಿದ್ದರು. ನೀರಿಗೆ ಕಾಲಿಟ್ಟವರು ಮರುಕ್ಷಣವೇ ಹಿಂದೆಗೆದು, ಇದು ನಮ್ಮ ಮರವಂತೆಯ ನೀರಲ್ಲ ಎಂದರು. ಸೂಜಿಮಲ್ಲಿಗೆಯವರೇ, ಅಡಾಪ್ಟರ್ ನಿಜಕ್ಕೂ ಬೇಕಾಯಿತು.