ಹುಬ್ಬೆ ಮಳೆಯಲ್ಲಿ ಇಕ್ಕೇರಿ, ಗೇರುಸೊಪ್ಪೆ, ಮಿರ್ಜಾನ್, ಬಾರ್ಕೂರು: ಇಬ್ಬರಿಗೆ ಐದು ದಿನ ಸಾಕಾ?

ದಾರಿಹೋಕ ಕೇಳಿದ್ದು:

ಗಂಡ–ಹೆಂಡತಿ ಇಬ್ಬರೇ, ಸಣ್ಣ ಹ್ಯಾಚ್‌ಬ್ಯಾಕ್ ಕಾರು, ಬೆಂಗಳೂರಿನಿಂದ ಹೊರಟು ವಾಪಸ್ ಬೆಂಗಳೂರಿಗೆ ಐದು ದಿನ. ಜನ ಕಡಿಮೆ ಇರುವಾಗ ಹೋಗಬೇಕು ಅಂತ ಜುಲೈ ಕೊನೆ ಅಥವಾ ಸೆಪ್ಟೆಂಬರ್ ಮೊದಲ ವಾರ ನೋಡ್ತಿದ್ದೇವೆ. ಹಾಳುಬಿದ್ದ ಕೋಟೆ, ಬಸದಿ ಮತ್ತೆ ಕಡಲು, ಇಷ್ಟೇ ಆಸೆ. ಪಟ್ಟಿಯಲ್ಲಿರುವುದು: ಇಕ್ಕೇರಿ, ಕೆಳದಿ, ಜೋಗ, ಗೇರುಸೊಪ್ಪೆಯ ಚತುರ್ಮುಖ ಬಸದಿ, ಮಿರ್ಜಾನ್ ಕೋಟೆ, ಗೋಕರ್ಣ, ಮುರುಡೇಶ್ವರ, ಭಟ್ಕಳ, ಬಾರ್ಕೂರು, ಕವಲೇದುರ್ಗ.

ಯಾವ ವಾರ ವಾಸಿ? ಮೊದಲು ಘಟ್ಟದ ಮೇಲಿನದು ಮುಗಿಸಬೇಕಾ, ಕರಾವಳಿಯದಾ? ಪಟ್ಟಿಯಲ್ಲಿ ಯಾವುದನ್ನು ಕೈಬಿಡಬೇಕು?

ಅಳಿವೆ ಬರೆದದ್ದು:

ಜುಲೈ ಬಿಡಿ. ಪಂಚಾಂಗದ ಲೆಕ್ಕದಲ್ಲಿ ಪುನರ್ವಸು, ಪುಷ್ಯ ಮಳೆ ಸುಮಾರು ಜುಲೈ 6ರಿಂದ ಆಗಸ್ಟ್ 2ರವರೆಗೆ. ಗುಡ್ಡ ನೀರು ಕುಡಿದು ಭಾರವಾಗಿ ಜಾರುವ ಕಾಲ ಅದು. ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದದ್ದು 2024ರ ಜುಲೈ 16ಕ್ಕೆ. ಮಘೆ ಕಳೆದು ಹುಬ್ಬೆ ಹಿಡಿಯುವ ಹೊತ್ತಿಗೆ, ಅಂದರೆ ಆಗಸ್ಟ್ 30ರ ಆಚೆ, ಮಳೆ ಬಿಟ್ಟು ಬಿಟ್ಟು ಬರುತ್ತದೆ. ಹಸಿರು ಹಾಗೇ ಇರುತ್ತದೆ, ನಡುವೆ ಎರಡು ಗಂಟೆ ಬಿಸಿಲೂ ಸಿಗುತ್ತದೆ. ಒಂದೇ ಎಚ್ಚರಿಕೆ: ಚೌತಿ ಯಾವತ್ತು ಅಂತ ನೋಡಿಕೊಳ್ಳಿ. ಆ ದಿನಗಳಲ್ಲಿ ಇಡಗುಂಜಿ ಸುತ್ತ ಕಾಲಿಡಲು ಜಾಗ ಇರುವುದಿಲ್ಲ. ಉಡುಪಿಯ ಅಷ್ಟಮಿ ಸೌರಮಾನದ್ದು. ಊರೆಲ್ಲ ಮುಗಿಸಿದ ಮೇಲೆ ಅಲ್ಲಿ ಸೆಪ್ಟೆಂಬರ್‌ನಲ್ಲಿ ಬರುವುದುಂಟು, ಆಗ ರೂಮು ಸಿಗುವುದು ಕಷ್ಟ.

ಮೊದಲು ಘಟ್ಟದ ಮೇಲಿನದು ಮುಗಿಸಿ. ಒಂದು ಸಲ ಇಳಿಯಿರಿ, ಒಂದೇ ಸಲ ಹತ್ತಿ, ಎರಡೂ ಹಗಲಲ್ಲಿ. ಮಳೆಗಾಲದ ಯೋಜನೆ ಕೆಡುವುದು ದಿನಕ್ಕೊಂದು ಘಟ್ಟ ಇಟ್ಟುಕೊಂಡಾಗ.

ಮೊದಲ ದಿನ ತಿಪಟೂರು, ಅರಸೀಕೆರೆ, ಶಿವಮೊಗ್ಗ ಮೇಲೆ ಸಾಗರ. ಶಿವಮೊಗ್ಗಕ್ಕೆ 300 ಕಿ.ಮೀ., ಅಲ್ಲಿಂದ 70 ಚಿಲ್ಲರೆ. ಬೆಳಿಗ್ಗೆ 6ಕ್ಕೆ ಬಿಟ್ಟರೆ ಮಧ್ಯಾಹ್ನ ಊಟ ಮುಗಿಸಿ ಇಕ್ಕೇರಿಗೆ ಹೋಗಲು ಹೊತ್ತಿರುತ್ತದೆ, ಸಾಗರದಿಂದ 6 ಕಿ.ಮೀ. ಅಷ್ಟೆ. ಅಘೋರೇಶ್ವರನ ಮುಂದೆ ನಿಂತು ಮೇಲಷ್ಟೇ ನೋಡಬೇಡಿ, ನೆಲವನ್ನೂ ನೋಡಿ: ಕೆಳದಿ ಅರಸರು ಅಡ್ಡಬಿದ್ದ ಹಾಗೆ ಹಾಸುಗಲ್ಲಲ್ಲೇ ಕೆತ್ತಿದ್ದಾರೆ. ಅಲ್ಲಿನ ಕಂಬಗಳ ನಡುವಿನ ಅಂತರವೇ ಒಂದು ಕಾಲಕ್ಕೆ ತೋಟ ಅಳೆಯುವ ಕೋಲಿಗೆ ಪ್ರಮಾಣ. ಕೆಳದಿಯ ಗಂಡಭೇರುಂಡ ವೀರಭದ್ರ ಗುಡಿಯ ಮಾಡಿನ ಒಳಮೈಯಲ್ಲಿದೆ. ಟಾರ್ಚ್ ಇಲ್ಲದೆ ಹೋದರೆ ಮೋಡದ ದಿನ ಬರೀ ಕಪ್ಪು ಕಾಣುತ್ತದೆ.

ಎರಡನೇ ದಿನ ಜೋಗ, ಆಮೇಲೆ ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರ. ಜೋಗದಲ್ಲಿ ಬರೀ ಮಂಜು ಇದ್ದರೆ ಬೈದುಕೊಂಡು ಹೊರಡಬೇಡಿ, ಅರ್ಧ ಗಂಟೆ ಕಾಯಿರಿ. ಗಾಳಿ ತಿರುಗಿದರೆ ಪರದೆ ಎಳೆದ ಹಾಗೆ ಸರಿಯುತ್ತದೆ. ನೀರಿನ ಮಟ್ಟಿಗೆ, ಮಳೆಗಿಂತ ಮೇಲಿನ ಲಿಂಗನಮಕ್ಕಿ ಅಣೆಕಟ್ಟಿನ ಸುದ್ದಿ ನೋಡಿ. 1819 ಅಡಿ ಹತ್ತಿರ ಬಂದು ಗೇಟು ತೆಗೆದರೆ ಮಾತ್ರ ಜೋಗದ ನಾಲ್ಕು ಧಾರೆಗಳಲ್ಲಿ ಒಂದಾದ ರಾಜ ಪೂರ್ತಿ ಮೈದುಂಬುವುದು.

ಮ್ಯಾಪ್‌ನಲ್ಲಿ ಎರಡು ಕಡೆ ಎಡವುತ್ತಾರೆ. ‘ಗೇರುಸೊಪ್ಪೆ ಜಲಪಾತ’ ಅಂತ ಹುಡುಕಿದರೆ ಜೋಗಕ್ಕೇ ಒಯ್ಯುತ್ತದೆ, ಯಾಕೆಂದರೆ ಜೋಗದ ಹಳೆಯ ಹೆಸರೇ ಅದು. ಬರೀ ‘ಚತುರ್ಮುಖ ಬಸದಿ’ ಎಂದರೆ ಕಾರ್ಕಳದ್ದು ಬರುತ್ತದೆ, ಅದು 1586ರ ಬೇರೆಯೇ ಬಸದಿ. ಹುಡುಕಬೇಕಾದದ್ದು ನಗರಬಸ್ತಿಕೇರಿ. ಕೊನೆಗೆ ಕಾಡಿನೊಳಗೆ ಕಿರುದಾರಿ. ಎದುರು ಗಾಡಿ ಬಂದರೆ ಒಬ್ಬರು ಹಿಂದೆ ಹೋಗಲೇಬೇಕು. ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು, ಒಳಗೆ ನಾಲ್ಕು ದಿಕ್ಕಿಗೂ ಮುಖ ಮಾಡಿ ಕೂತ ತೀರ್ಥಂಕರರು. ಸಂಜೆ 4ರ ಒಳಗೆ ಮುಗಿಸಿ, ಕಾಡಲ್ಲಿ ಬೇಗ ಕತ್ತಲಾಗುತ್ತದೆ. ಹತ್ತಿರದಲ್ಲೇ ಅಣೆಕಟ್ಟಿದೆ, ಯಾವಾಗ ಬೇಕಾದರೂ ನೀರು ಬಿಡಬಹುದು, ಹೊಳೆಗೆ ಇಳಿಯುವ ಮಾತೇ ಬೇಡ.

ಎರಡನೇ ಗೇರು ಬರೆದದ್ದು:

ಜಾಗದ ಬಗ್ಗೆ ಮೇಲಿನವರು ಹೇಳಿದ್ದಾರೆ. ನಾನು ಗಾಡಿಯ ಬಗ್ಗೆ.

ಟೈರಿನ ಗೀರಿನ ಆಳ 1.6 ಮಿ.ಮೀ. ಇದ್ದರೂ ಕಾನೂನು ಸುಮ್ಮನಿರುತ್ತದೆ, ಹೆದ್ದಾರಿಯ ನೀರು ಸುಮ್ಮನಿರುವುದಿಲ್ಲ. 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಹೊರಡುವ ಮುಂಚೆಯೇ ಬದಲಾಯಿಸಿ. ಗೀರು ಸವೆದಾಗ ಟೈರಿನಡಿಯ ನೀರಿಗೆ ಹೊರಹೋಗಲು ದಾರಿ ಇಲ್ಲ, ಗಾಡಿ ನೀರಿನ ಮೇಲೆ ತೇಲುತ್ತದೆ. ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರವಾದರೆ ಅದೇ ಗುರುತು. ಆಗ ಬ್ರೇಕ್ ಒತ್ತಬೇಡಿ, ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಸ್ಟೀರಿಂಗ್ ನೆಟ್ಟಗೆ ಹಿಡಿಯಿರಿ.

ಗಾಜು ಮಬ್ಬಾಗುವುದು ಎರಡು ಥರ, ಎರಡಕ್ಕೂ ಒಂದೇ ಮದ್ದು ಮಾಡುವವರೇ ಜಾಸ್ತಿ. ಮಬ್ಬು ಒಳಗಡೆ ಇದ್ದರೆ (ಬೆರಳಲ್ಲಿ ಒರೆಸಿದರೆ ಹೋಗುತ್ತದೆ) ಎಸಿ ಹಾಕಿ, ಗಾಳಿ ಗಾಜಿನ ಕಡೆ ತಿರುಗಿಸಿ, ಒಳಗಿನ ಗಾಳಿಯನ್ನೇ ಸುತ್ತಿಸುವ ರೀಸರ್ಕ್ಯುಲೇಶನ್ ಬಂದ್ ಮಾಡಿ. ಇಬ್ಬರ ಉಸಿರು, ಒದ್ದೆ ಕೊಡೆ, ಒದ್ದೆ ಮ್ಯಾಟು ಸೇರಿ ಒಳಗೇ ಆವಿ ಸುತ್ತುತ್ತಿರುತ್ತದೆ. ಮಬ್ಬು ಹೊರಗಡೆ ಇದ್ದರೆ ಎಸಿ ಜಾಸ್ತಿಯಾಗಿ ಗಾಜು ತಣ್ಣಗಾಗಿದೆ ಅಂತ ಅರ್ಥ. ವೈಪರ್ ಒಂದು ಸಲ ಆಡಿಸಿ, ಉಷ್ಣತೆ ಸ್ವಲ್ಪ ಏರಿಸಿ.

ಇಳಿಜಾರಿನಲ್ಲಿ ಎರಡನೇ ಗೇರು, ಕಾಲು ಬ್ರೇಕ್ ಮೇಲೆ ಇಟ್ಟುಕೊಂಡೇ ಇರಬಾರದು. ಮಂಜಿನಲ್ಲಿ ಲೋ ಬೀಮ್. ಓಡುತ್ತಿರುವ ಗಾಡಿಗೆ ನಾಲ್ಕೂ ಇಂಡಿಕೇಟರ್ ಹಾಕುವ ಚಾಳಿ ಬೇಡ, ತಿರುಗುತ್ತೀರೋ ನಿಂತಿದ್ದೀರೋ ಹಿಂದಿನವನಿಗೆ ತಿಳಿಯುವುದಿಲ್ಲ. ರಸ್ತೆ ಮೇಲೆ ಕೆಂಪು ನೀರು ಹರಿಯುತ್ತಿದ್ದು ಜೊತೆಗೆ ಸಣ್ಣ ಕಲ್ಲು ಉದುರುತ್ತಿದ್ದರೆ ಅಲ್ಲಿ ಫೋಟೊಗೆ ನಿಲ್ಲುವುದು ಹೋಗಲಿ, ಮೂತ್ರಕ್ಕೂ ನಿಲ್ಲಬೇಡಿ.

ಪೆಟ್ರೋಲು ಸಾಗರದಲ್ಲೇ ತುಂಬಿಸಿ. ಘಟ್ಟದಲ್ಲಿ ನೆಟ್‌ವರ್ಕ್ ಹೋಗುತ್ತದೆ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ, ಎರಡು ಸಾವಿರ ರೂಪಾಯಿ ಚಿಲ್ಲರೆ ನೋಟು ಇರಲಿ. ಕರಾವಳಿಯಲ್ಲಿ ತೆಂಗಿನ ಮರದಡಿ ಗಾಡಿ ನಿಲ್ಲಿಸಬೇಡಿ. ಇದು ಗೊತ್ತಿರುವ ಮಾತೇ, ಆದರೂ ಪ್ರತಿ ಮಳೆಗಾಲ ಬಾನೆಟ್ ತಗ್ಗುಬಿದ್ದ ನಾಲ್ಕು ಕಾರು ಕಾಣುತ್ತವೆ.

ಚಿರೇಕಲ್ಲು ಬರೆದದ್ದು:

ಮಿರ್ಜಾನಿಗೆ ಅರ್ಧ ದಿನ ಕೊಡಿ, ಗೋಕರ್ಣಕ್ಕಲ್ಲ. ಕುಮಟಾದಿಂದ 11 ಕಿ.ಮೀ., ಹೆದ್ದಾರಿಯಿಂದ ಒಳಗೆ ತಿರುಗಿದರೆ ಕೂಗಳತೆ. ಗೇರುಸೊಪ್ಪೆಯ ಚೆನ್ನಭೈರಾದೇವಿ, ಪೋರ್ಚುಗೀಸರ ಬಾಯಲ್ಲಿ ‘ಕಾಳುಮೆಣಸಿನ ರಾಣಿ’, ಆಳಿದ ನಾಡು ಇದು. ಘಟ್ಟದ ಮೆಣಸು ಅಘನಾಶಿನಿ ಮೇಲೆ ದೋಣಿಯಲ್ಲಿ ಇಳಿದು ಕಡಲಿಗೆ ಹೋಗುತ್ತಿದ್ದ ದಾರಿಗೆ ಕಾವಲು ಈ ಕೋಟೆ. ಅಗೆದಾಗ ಚೀನೀ ಪಿಂಗಾಣಿ ಚೂರು ಸಿಕ್ಕಿವೆ ಅಂದರೆ ವ್ಯಾಪಾರ ಎಲ್ಲಿಯವರೆಗಿತ್ತು ಅಂತ ಲೆಕ್ಕ ಹಾಕಿ.

ಗೋಡೆಯೆಲ್ಲ ಚಿರೇಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು. ಈ ಕಲ್ಲಿನ ಮೈಯೆಲ್ಲ ತೂತು, ಕುಡಿದ ನೀರನ್ನು ಬೇಗ ಬಿಡುವುದಿಲ್ಲ. ಮಳೆ ನಿಂತ ಮೇಲೂ ಗೋಡೆ ಬೆವರುತ್ತಲೇ ಇರುತ್ತದೆ, ಅದಕ್ಕೇ ಹಾವಸೆ ಅಷ್ಟು ದಟ್ಟ. ಬೇಸಿಗೆಯಲ್ಲಿ ಬಂದವರಿಗೆ ಸಿಗುವುದು ಕಂದು ಕೋಟೆ, ಹುಬ್ಬೆಯಲ್ಲಿ ಬಂದವರಿಗೆ ಹಸಿರು ಕೋಟೆ. ಮೆಟ್ಟಿಲ ನಡುಭಾಗ ತುಳಿದು ತುಳಿದು ನುಣ್ಣಗಾಗಿದೆ, ಅಂಚಿನಲ್ಲಿ ಕಾಲಿಡಿ, ಇಳಿಯುವಾಗ ಪಾದ ಅಡ್ಡ ಇಡಿ. ಗೋಡೆಯ ತಲೆಯ ಮೇಲೆ ಹುಲ್ಲು ಬೆಳೆದು ಎಲ್ಲಿ ಕಲ್ಲು ಮುಗಿಯಿತು, ಎಲ್ಲಿ ಗಾಳಿ ಶುರುವಾಯಿತು ಅಂತ ಕಾಣುವುದಿಲ್ಲ. ಸೆಲ್ಫಿ ತೆಗೆಯುತ್ತ ಹಿಂದೆ ಹೆಜ್ಜೆ ಇಡುವವರು ಬೀಳುವುದು ಅಲ್ಲೇ. ಬಾವಿಗಳ ಬಾಯಿಗೂ ಇದೇ ಮಾತು.

ಭಟ್ಕಳ ಪಟ್ಟಿಯಲ್ಲಿ ಇರಲೇಬೇಕು. ಮೂಡಭಟ್ಕಳದ ಖೇತಪೈ ನಾರಾಯಣ ಗುಡಿ ನೋಡಿ, 16ನೇ ಶತಮಾನದ್ದು. ಕಲ್ಲನ್ನು ಮರದ ಹಲಗೆಯ ಹಾಗೆ ಸೀಳಿ, ಕಲ್ಲಿನ ಮಾಡಿಗೆ ಇಳಿಜಾರು ಕೊಟ್ಟು, ಪಕ್ಕಕ್ಕೆ ಕಲ್ಲಿನದೇ ಪಟ್ಟಿ ತಡಿಕೆ ಕಟ್ಟಿದ್ದಾರೆ. ಗಾಳಿ ಒಳಗೆ ಬರಬೇಕು, ಇರಚಲು ಬರಬಾರದು. ಜೋರು ಮಳೆಯಲ್ಲಿ ಹತ್ತು ನಿಮಿಷ ಅದರ ಪಕ್ಕ ನಿಂತರೆ ಯಾಕೆ ಹಾಗೆ ಕಟ್ಟಿದರು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಹಂಪಿಯ ಚಪ್ಪಟೆ ಮಾಡನ್ನು ಇಲ್ಲಿ ತಂದಿಟ್ಟರೆ ಸೋರಿ ಸಾಯುತ್ತಿತ್ತು.

ಮುರುಡೇಶ್ವರ ಹಳೆಯ ಕಟ್ಟಡವಲ್ಲ, ನಿಮ್ಮ ಆಸೆಗೆ ಸಂಬಂಧವಿಲ್ಲ. ಸಮಯ ಉಳಿದರೆ ಮಾತ್ರ.

ಬಂಗುಡೆ ಬರೆದದ್ದು:

ಮುರುಡೇಶ್ವರ ಬಿಡಿಸಬೇಡಿ ಮಾರಾಯ್ರೆ, ಗೋಪುರದ ಲಿಫ್ಟ್ ಹತ್ತಿ ಮಳೆಗಾಲದ ಕಡಲನ್ನು ಮೇಲಿಂದ ನೋಡುವುದಕ್ಕೆ ಅರ್ಧ ಗಂಟೆ ಸಾಕು.

ಕಡಲು ನೋಡುವುದಕ್ಕೆ ಮಾತ್ರ, ಇಳಿಯುವುದಕ್ಕಲ್ಲ. ತೆರೆ ದಡಕ್ಕೆ ತಂದು ಸುರಿದ ನೀರೆಲ್ಲ ಮರಳ ದಿಬ್ಬದ ನಡುವಿನ ಕಂಡಿಯಲ್ಲಿ ಹಿಂದೆ ಎಳೆದುಕೊಂಡು ಹೋಗುತ್ತದೆ. ಆ ಕಂಡಿಯ ಮೇಲೆ ತೆರೆ ಒಡೆಯುವುದಿಲ್ಲ. ಅಕ್ಕಪಕ್ಕ ನೊರೆ, ನಡುವೆ ಒಂದು ಪಟ್ಟಿ ಶಾಂತ. ‘ಇಲ್ಲಿ ಅಲೆ ಕಡಿಮೆ’ ಅಂತ ಹೊರಗಿನವರು ಇಳಿಯುವುದು ಸರಿಯಾಗಿ ಅಲ್ಲಿಗೇ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ, ನೇತ್ರಾಣಿ ದ್ವೀಪದ ಡೈವಿಂಗ್ ಎರಡೂ ಮಳೆಗಾಲಕ್ಕೆ ಬಂದ್.

ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ. ಹೆದ್ದಾರಿಯ ಮೇಲೇ ಬ್ರೇಕ್ ಹಾಕದೆ ಬದಿಗೆ ಇಳಿಸಿ ನಿಲ್ಲಿಸಿ.

ಮೀನು: ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಸೆಪ್ಟೆಂಬರ್ ಹೊತ್ತಿಗೆ ಹಸಿ ಬಂಗುಡೆ ಬಂದಿರುತ್ತದೆ. ಜುಲೈಯಲ್ಲಿ ‘ಫ್ರೆಶ್’ ಅಂತ ಬೋರ್ಡು ಹಾಕಿದ್ದರೆ ಹೊಳೆ ಮೀನಾ, ಐಸಿನದಾ ಅಂತ ಕೇಳಿ. ಮೀನು ತಿನ್ನದವರಿಗೆ ಪತ್ರೊಡೆ, ಕಳಲೆ ಸಿಗುವುದು ಮಳೆಗಾಲದಲ್ಲೇ.

ದಾರಿಹೋಕ:

ತುಂಬಾ ಉಪಕಾರ. ಸೆಪ್ಟೆಂಬರ್ ಮೊದಲ ವಾರವೇ ಗಟ್ಟಿ ಮಾಡಿದೆವು. ಉಳಿದದ್ದು ಕವಲೇದುರ್ಗ. ಐದನೇ ದಿನ ಉಡುಪಿಯಿಂದ ಆಗುಂಬೆ ಹತ್ತಿ, ಅದನ್ನೂ ಮುಗಿಸಿ, ರಾತ್ರಿಗೆ ಬೆಂಗಳೂರು ಸೇರಬಹುದಾ? ಉಂಬಳಕ್ಕೆ (ಕಾಡಿನ ಜಿಗಣೆಗೆ) ಏನು ಮಾಡುತ್ತಾರೆ? ಕ್ಯಾಮೆರಾ ಒಯ್ಯಬಹುದಾ?

ಅಳಿವೆ:

ಆಗುವುದಿಲ್ಲ. ಉಡುಪಿಯಿಂದ ಆಗುಂಬೆ ಮೇಲೆ ಶಿವಮೊಗ್ಗವೇ 150 ಕಿ.ಮೀ. ಆಸುಪಾಸು, ಅದರಲ್ಲಿ 14 ಹಿಮ್ಮುರಿ ತಿರುವು. ಕವಲೇದುರ್ಗ ತೀರ್ಥಹಳ್ಳಿಯಿಂದ 18 ಕಿ.ಮೀ. ಪಕ್ಕಕ್ಕೆ, ಗದ್ದೆ ದಾಟಿ ಹತ್ತಿ ಇಳಿಯಲು ಮೂರು ಗಂಟೆ ಬೇಕು. ಆರನೇ ದಿನ ಸೇರಿಸಿ ತೀರ್ಥಹಳ್ಳಿಯಲ್ಲಿ ಉಳಿಯಿರಿ. ರಜೆ ಇಲ್ಲವೆಂದರೆ ಕವಲೇದುರ್ಗ ಬಿಡಿ, ಬಾರ್ಕೂರು ಬಿಡಬೇಡಿ. ಬಾರ್ಕೂರು ಬ್ರಹ್ಮಾವರದಿಂದ ಕೆಲವೇ ಕಿಲೋಮೀಟರು, ಕತ್ತಲೆ ಬಸದಿಗೆ ಒಂದು ಗಂಟೆ ಸಾಕು. ಆಳುಪರ ರಾಜಧಾನಿಯಾಗಿದ್ದ ಊರು.

ಕವಲೇದುರ್ಗಕ್ಕೆ ಹೋಗುವುದಾದರೆ ದಾರಿಯುದ್ದಕ್ಕೂ ಹಾಸುಗಲ್ಲು. ಚಿರೇಕಲ್ಲಿನ ತೂತಾದರೂ ಕಾಲು ಹಿಡಿಯುತ್ತದೆ, ಈ ಕಲ್ಲು ಒದ್ದೆಯಾದರೆ ಎಣ್ಣೆ ಸವರಿದ ಹಾಗೆ. ಅಡಿ ಸವೆದ ಶೂ ಬೇಡ. ರಬ್ಬರ್ ಹಲ್ಲಿರುವುದು ಬೇಕು.

ಉಂಬಳಕ್ಕೆ: ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸೇರಿಸಿ, ಕಾಲುಚೀಲದ ಹೊರಗೆ ಹೊಗೆಸೊಪ್ಪಿನ ಪುಡಿ, ಸುಣ್ಣ ಕಲಸಿ ಸವರಿ. ಮಳೆಗೆ ತೊಳೆದುಹೋಗುತ್ತದೆ, ಗಂಟೆಗೊಮ್ಮೆ ಮತ್ತೆ ಸವರಬೇಕು. ಹತ್ತಿದ್ದನ್ನು ಜಗ್ಗಬೇಡಿ, ಉಗುರನ್ನು ಅದರ ಬಾಯಡಿ ಜಾರಿಸಿ ಬಿಡಿಸಿ. ಆಮೇಲೆ ರಕ್ತ ಸುಮಾರು ಹೊತ್ತು ನಿಲ್ಲುವುದಿಲ್ಲ. ಹೆಪ್ಪುಗಟ್ಟದ ಹಾಗೆ ಅದು ರಸ ಬಿಟ್ಟಿರುತ್ತದೆ. ಹತ್ತಿ ಒತ್ತಿ ಪಟ್ಟಿ ಕಟ್ಟಿದರೆ ಆಯಿತು.

ಕ್ಯಾಮೆರಾ ಒಯ್ಯಿರಿ, ಆದರೆ ಎಸಿ ಕಾರಿನಿಂದ ಇಳಿದವರೇ ಚೀಲ ಬಿಚ್ಚಬೇಡಿ. ತಣ್ಣಗಿನ ಲೆನ್ಸಿಗೆ ಹೊರಗಿನ ಬಿಸಿ ಆವಿ ಬಡಿದರೆ ಒಳಗಿನ ಗಾಜೂ ಮಬ್ಬಾಗುತ್ತದೆ, ಅದನ್ನು ಒರೆಸಲು ಬರುವುದಿಲ್ಲ. ತಲುಪಲು ಅರ್ಧ ಗಂಟೆ ಇರುವಾಗಲೇ ಚೀಲವನ್ನು ಡಿಕ್ಕಿಗೆ ಹಾಕಿಬಿಡಿ.

ರೂಮು ಹಿಡಿಯುವಾಗ ಕೇಳಬೇಕಾದ್ದು ಸಮುದ್ರ ಕಾಣುತ್ತದಾ ಅಂತಲ್ಲ, ಕರೆಂಟ್ ಹೋದರೆ ಜನರೇಟರ್ ರಾತ್ರಿಯಿಡೀ ಓಡುತ್ತದಾ ಅಂತ. ಒದ್ದೆ ಬಟ್ಟೆ ಒಣಗುವುದು ಫ್ಯಾನಿನ ಕೆಳಗೆ ಮಾತ್ರ.