ಮನಿ ಒಟಿಜಿಯೊಳಗ ಪೋರ್ಕ್ ರಿಬ್ಸ್: ಎಷ್ಟು ಡಿಗ್ರಿ, ಎಷ್ಟು ತಾಸು?

ಟಿಳಕವಾಡಿ ಹುಡುಗ

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮನ್ಯಾಗ ಪೋರ್ಕ್ ತಿನ್ನಾಂವ ನಾ ಒಬ್ಬನ. ಅವ್ವ ಕೆಳಗಿನ ಅಡಗಿಮನ್ಯಾಗ ಬಿಟಗೊಳ್ಳಂಗಿಲ್ಲ, ಹಂಗಾಗಿ ಮ್ಯಾಲಿನ ಖೋಲ್ಯಾಗ ನನ್ನವ ಬ್ಯಾರೆ ಬೋಗುಣಿ, ಬ್ಯಾರೆ ಚಾಕು, 28 ಲೀಟರಿನ ಒಟಿಜಿ (ಕರೆಂಟಿನ ಸಣ್ಣ ಓವನ್). ಐತ್ವಾರ ದೋಸ್ತರು ಬರವರದಾರ, ಒಂದೂವರಿ ಕಿಲೋ ರಿಬ್ಸ್ (ಹಂದಿ ಪಕ್ಕೆಲುಬು) ತರಬೇಕಂತ ಮಾಡೇನಿ.

ಕುಕ್ಕರಿನಾಗ ಮಾಡಿದ್ರ ಮೆತ್ತಗಾಗತೈತಿ ಖರೆ, ಆದ್ರ ಮಾಂಸೆಲ್ಲಾ ಎಲುಬು ಬಿಟ್ಟು ಸಾರಿನ್ಯಾಗ ಕೂಡತೈತಿ. ನನಗ ಎಲುಬು ಕೈಯಾಗ ಹಿಡಕೊಂಡು ಕಚ್ಚಬೇಕು, ಮ್ಯಾಲ ಸುಟ್ಟ ಬಣ್ಣ ಇರಬೇಕು, ಮೂಗಿನಾಗ ನೀರು ಬರೂವಷ್ಟು ಖಾರ ಬೇಕು. ವಿಡಿಯೋದಾಗ ನೋಡಿದ್ರ ಎಲ್ಲಾರೂ ಬಾಟಲಿ ಸಾಸ್ ಸುರೀತಾರ, ಆ ಸಿಹಿ ನನಗ ಸೇರಂಗಿಲ್ಲ. ನಮ್ಮ ಖಾರದಾಗ ಯಾರರ ಮಾಡೀರೇನು?

ಅನಗೋಳ ಎಕ್ಸ್‌ಪ್ರೆಸ್

ಕುಕ್ಕರಿನಾಗ ಎರಡ ಸೀಟಿ ಹೊಡಸ್ರಿ, ಆಮ್ಯಾಲ ತವಾದ ಮ್ಯಾಲ ಖಾರ ಹಾಕಿ ಹುರೀರಿ. ಮುಗೀತು. ಇದಕ್ಕ ಮೂರು ತಾಸು ಕರೆಂಟ್ ಯಾಕ ಸುಡತೀರಿ?

ಭಟ್ಟಿ ಕಾಕಾ

ಅನಗೋಳದವರ, ಕರೆಂಟಿನ ಲೆಕ್ಕ ಮೊದಲ ಮುಗಸೂಣು. 1500 ವ್ಯಾಟಿನ ಒಟಿಜಿ ಒಂದೇ ಸವನ ಉರದ್ರೂ ಎರಡೂವರಿ ತಾಸಿಗೆ ನಾಕು ಯುನಿಟ್ ಒಳಗ. ಥರ್ಮೋಸ್ಟಾಟ್ ನಡುನಡುವ ಬಂದ್ ಮಾಡತೈತಿ, ಅಷ್ಟೂ ಆಗಂಗಿಲ್ಲ.

ಈಗ ನೀ ಕೇಳು ತಮ್ಮಾ. ನಾ ಬೆಳಗಾವಿ ಉದ್ಯಮಬಾಗದಾಗ ಹೀಟ್ ಟ್ರೀಟ್‌ಮೆಂಟಿನಾಗ, ಅಂದ್ರ ಉಕ್ಕು ಕಾಯಿಸಿ ಹದ ಮಾಡೂ ಕೆಲಸದಾಗ ದುಡದಾಂವ, ಭಟ್ಟಿ ಮುಂದ ನಿಂತ ತಲಿ ಬೆಳ್ಳಗಾಗೇತಿ. ಅಲ್ಲಿ ಎರಡ ಪ್ರಶ್ನೆ ಕೇಳತಿದ್ವಿ: ಮಾಲಿನ ಒಳಗ ಎಷ್ಟು ಬಿಸಿ ಆತು, ಆ ಬಿಸಿಯೊಳಗ ಎಷ್ಟೊತ್ತು ಕುಂತಿತ್ತು. ರಿಬ್ಸಿಗೂ ಅವ ಎರಡು. ರಾತ್ರಿಯೆಲ್ಲಾ ಮೊಸರಿನ್ಯಾಗ ಇಟ್ಟೆ, ಪಪ್ಪಾಯಿ ಹಚ್ಚಿದೆ ಅಂತ ಮಂದಿ ಹೇಳತಾರಲ್ಲ, ಅದೆಲ್ಲಾ ಮ್ಯಾಲಮ್ಯಾಲಿಂದು. ಎಲುಬಿನ ಸುತ್ತ ಇರೂ ಬಿಳಿ ಗಟ್ಟಿ ನಾರು, ಕೊಲ್ಯಾಜನ್ ಅಂತಾರ, ಅದು ಕರಗಿ ಜೆಲ್ಲಿ ಆಗಬೇಕು. ಮಾಂಸದ ಒಳಗ 70 ಡಿಗ್ರಿ ದಾಟಿದ ಮ್ಯಾಲ ಅದು ಸಾವಕಾಶ ಕರಗತೈತಿ, 90ರ ಹತ್ತರ ಹೋದ್ರ ಜೋರ ಕರಗತೈತಿ. ಹಂದಿ ಮಾಂಸ ತಿನ್ನಾಕ ಧೋಕಾ ಇಲ್ಲ ಅನ್ನೂದು ಒಳಗ 63 ಡಿಗ್ರಿ ಮುಟ್ಟಿ ಮೂರು ನಿಮಿಷ ಬಿಟ್ರ ಆತು. ಆದ್ರ ಆಗ ರಿಬ್ಸ್ ತಿಂದ್ರ ಹಲ್ಲಿಗೆ ಹಗ್ಗ ಸಿಕ್ಕಂಗ. ನಿನ್ನ ಗುರಿ 90ರಿಂದ 95. ಕುಕ್ಕರಿನಾಗ 120ರ ಆಸುಪಾಸು ಇರತೈತಿ, ಅದಕ ಅಲ್ಲಿ ಲಗೂನ ಆಗತೈತಿ, ಸ್ವಲ್ಪ ಹೆಚ್ಚಾದ್ರ ಕೈ ಮೀರತೈತಿ.

ಅಂಗಡ್ಯಾಗ ಬಾಯಿಬಿಟ್ಟು ಹೇಳು: ಕಡೀಬ್ಯಾಡ್ರಿ, ಪಟ್ಟಿ ಹಂಗ ಇಡ್ರಿ ಅಂತ. ಇಲ್ಲಾಂದ್ರ ಅವರು ಮಟನ್ ಕಡದಂಗ ಕೊಚ್ಚಿ ಚೀಲಕ್ಕ ಹಾಕತಾರ. ಮನಿಗೆ ತಂದು ಎಲುಬಿನ ಬದಿ ಮ್ಯಾಲ ಮಾಡಿ ನೋಡು, ತೆಳ್ಳನ ಪೊರೆ ಇರತೈತಿ. ಚಮಚದ ಹಿಡಿ ಒಳಗ ತೂರಿಸಿ ಒಂದು ತುದಿ ಎಬ್ಬಸು, ಬಟ್ಟಿಲೆ ಹಿಡದು ಜಗ್ಗು. ಬರಿಗೈಯಿಂದ ಜಾರತೈತಿ. ಆ ಪೊರೆ ಬಿಟ್ರ ಉಪ್ಪು ಖಾರ ಆ ಬದಿಗೆ ಹತ್ತಂಗಿಲ್ಲ, ಕಚ್ಚುವಾಗ ಕಾಗದ ಸಿಕ್ಕಂಗ ಸಿಗತೈತಿ.

ಉಪ್ಪು ಶನಿವಾರ ರಾತ್ರೀನ ಹಚ್ಚು, ಕಿಲೋಕ್ಕ 12 ಗ್ರಾಮ್ ಸಾಕು. ಮುಚ್ಚಿ ಫ್ರಿಜ್ಜಿನ್ಯಾಗ ಇಡು (ಅವ್ವನ ಫ್ರಿಜ್ಜಾದ್ರ ನಿನ್ನ ನಸೀಬ). ಐತ್ವಾರ ಮುಂಜಾನೆ ಖಾರ: ಬ್ಯಾಡಗಿ ಪುಡಿ ಬಣ್ಣಕ್ಕ, ಗುಂಟೂರು ಉರಿಗೆ, ಎರಡಕ್ಕೊಂದು. ಬಳ್ಳೊಳ್ಳಿ ಅರದಿದ್ದು, ಜೀರಗಿ, ಮೆಣಸು, ಎರಡು ಚಮಚ ಮನಿ ಮಸಾಲಿ ಖಾರ. ನಿಮ್ಮ ಮಸಾಲಿ ಖಾರದಾಗ ಉಪ್ಪು ಇದ್ರ ಮೊದಲಿನ ಉಪ್ಪು ಕಡಿಮಿ ಮಾಡು.

ಟ್ರೇದಾಗ ಒಂದ ಪದರು ಬರೂವಂಗ ಹರವು, ಅರ್ಧ ಕಪ್ಪು ನೀರು ಹಾಕು, ಮ್ಯಾಲ ಫಾಯಿಲ್ ಬಿಗಿಯಾಗಿ ಮುಚ್ಚು, ಉಗಿ ಹೊರಗ ಹೋಗಬಾರದು. ಕೆಳಗಿನ ರಾಡ್ ಅಷ್ಟ ಹಚ್ಚಿ 150 ಡಿಗ್ರಿ, ಎರಡರಿಂದ ಎರಡೂವರಿ ತಾಸು. ಗುಂಡಿ ಮ್ಯಾಲಿನ ಅಂಕಿ ನಂಬಬ್ಯಾಡ. ಸಣ್ಣ ಒಟಿಜಿ ಹತ್ತಿಪ್ಪತ್ತು ಡಿಗ್ರಿ ಆ ಕಡೆ ಈ ಕಡೆ ಇರೂದು ಸಾಮಾನ್ಯ. ಒಳಗ ಇಡೂ ಥರ್ಮಾಮೀಟರ್ ಒಂದು ತಗೋ, ಮಾಂಸಕ್ಕ ಚುಚ್ಚೂದು ಇನ್ನೊಂದು ಸಿಕ್ರ ಇನ್ನೂ ಛಲೋ.

ಒಂದು ಮಜಾ ಹೇಳತೀನಿ. ಫಾಯಿಲ್ ಇಲ್ಲದ ಬೇಯಿಸಿದ್ರ ಒಳಗಿನ ಡಿಗ್ರಿ 70ರ ಸುತ್ತ ಬಂದು ನಿಂತ ಬಿಡತೈತಿ, ತಾಸಗಟ್ಲೆ ಏರಂಗಿಲ್ಲ. ಮಂದಿ ಒಟಿಜಿ ಕೆಟ್ಟತು ಅಂತಾರ. ಮಾಂಸ ಬೆವರತಿರತೈತಿ, ಆ ನೀರು ಆವಿ ಆಗಾಕ ಬಿಸಿಯೆಲ್ಲಾ ಖರ್ಚು. ಉಕ್ಕು ಕಾಯಿಸುವಾಗೂ 727 ಡಿಗ್ರಿ ಹತ್ತರ ಮುಳ್ಳು ಹಿಂಗ ತಡೀತಿತ್ತು, ಅಲ್ಲಿ ಕಾರಣ ಬ್ಯಾರೆ, ಉಕ್ಕಿನ ಒಳರಚನಾನ ಬದಲಾಗತೈತಿ. ಹೊಸಾ ಹುಡುಗರು ಗಾಬರಿ ಆಗಿ ಉರಿ ಏರಿಸಾಕ ಓಡತಿದ್ರು. ಫಾಯಿಲ್ ಮುಚ್ಚಿದ್ರ ಬೆವರು ಆರೂದಿಲ್ಲ, ಮುಳ್ಳು ನಿಲ್ಲೂದಿಲ್ಲ. ಫಾಯಿಲ್ ಯಾಕ ಅಂದ್ರ ಇದಕ.

ಆಗೇತೋ ಇಲ್ಲೋ ನೋಡಾಕ ನಡುವಿನ ಎಲುಬು ಹಿಡದು ತಿರುವು. ಸಡಿಲ ತಿರುಗಬೇಕು, ಕಿತ್ತು ಬರಬಾರದು. ತುದಿಯೊಳಗ ಮಾಂಸ ಒಂದು ಬೆರಳು ಹಿಂದ ಸರದಿರತೈತಿ. ಆಮ್ಯಾಲ ಫಾಯಿಲ್ ತಗದು, ಟ್ರೇದಾಗಿನ ರಸಕ್ಕ ಹುಣಸಿಹಣ್ಣು, ಸ್ವಲ್ಪ ಮಹಾಲಿಂಗಪುರ ಬೆಲ್ಲ, ಇನ್ನೊಂದು ಚಮಚ ಖಾರ ಹಾಕಿ ಕುದಿಸಿ ದಪ್ಪ ಮಾಡಿ ಹಚ್ಚು. ಮ್ಯಾಲಿನ ರಾಡ್, 220 ಡಿಗ್ರಿ, ಎಂಟ್ಹತ್ತು ನಿಮಿಷ, ಮುಂದ ನಿಂತ ನೋಡಕೋತ. ಬೆಲ್ಲ ಮೊದಲ ಹಚ್ಚಿದ್ರ ಕರ್ರಗಾಗಿ ಕಹಿ ಆಗತೈತಿ.

ಕ್ಯಾಂಪಿನ ಅಕ್ಕ

ಕಾಕಾ, ಉಳಿದದ್ದೆಲ್ಲಾ ಒಪ್ಪಿದೆ, ಹುಣಸಿಹಣ್ಣು ಬೆಲ್ಲ ಒಪ್ಪಂಗಿಲ್ಲ. ಹಂದಿ ಕೊಬ್ಬಿಗೆ ವಿನೆಗರ್ ಬೇಕ ಬೇಕು. ನಮ್ಮ ಮನ್ಯಾಗ ಗೋವಾದ ರೆಶಾದ್ ಮಸಾಲಿ: ಕೆಂಪು ಮೆಣಸಿನಕಾಯಿ, ಬಳ್ಳೊಳ್ಳಿ, ಜೀರಗಿ, ಮೆಣಸು, ಲವಂಗ, ದಾಲ್ಚಿನ್ನಿ, ಅರಿಷಿಣ. ಇಷ್ಟನ್ನೂ ತೆಂಗಿನ ಶೇಂದಿ ವಿನೆಗರಿನ್ಯಾಗ ನೆನಸಿ ನುಣ್ಣಗ ಅರೀತೀವಿ, ಒಂದು ಹನಿ ನೀರು ಹಾಕಂಗಿಲ್ಲ. ಚೋರ್ಲಾ ಘಾಟಿನಿಂದ ಯಾರರ ಬಂದ್ರ ವಿನೆಗರ್ ಬಾಟಲಿ ತರಿಸ್ಕೊಳ್ಳೂದು.

ತಮ್ಮಾ, ವಿನೆಗರ್ ಇರಲಿ ಹುಣಸಿ ಇರಲಿ, ಹುಳಿ ಮಸಾಲಿಗೆ ಫಾಯಿಲ್ ನೇರ ತಾಗಿಸಬ್ಯಾಡ. ಅಲ್ಯುಮಿನಿಯಂ ಹುಳಿಗೆ ತೂತು ಬೀಳತೈತಿ, ರುಚಿಗೂ ಲೋಹದ ವಾಸನಿ. ನಡುವ ಬಟರ್ ಪೇಪರ್ ಹಾಸು, ಅದರ ಮ್ಯಾಲ ಫಾಯಿಲ್. ಜೊತಿಗೆ ಪಾವ್.

ಭಟ್ಟಿ ಕಾಕಾ

ಬಟರ್ ಪೇಪರಿನ ಮಾತು ಖರೆ ಅಕ್ಕಾರ, ನಾ ಬರೀಬೇಕಿತ್ತು. ಪಾವ್ ಮಾತ್ರ ಒಪ್ಪಂಗಿಲ್ಲ. ಬಿಸಿ ಜ್ವಾಳದ ರೊಟ್ಟಿ, ಹಸಿ ಉಳ್ಳಾಗಡ್ಡಿ.

ಟಿಳಕವಾಡಿ ಹುಡುಗ

ಕಾಕಾ, ಅಕ್ಕಾರ, ಭಾಳ ಉಪಕಾರ. ಒಂದು ಪಟ್ಟಿಗೆ ಬೆಲ್ಲ, ಒಂದು ಪಟ್ಟಿಗೆ ವಿನೆಗರ್ ಮಾಡತೀನಿ, ಜಗಳ ದೋಸ್ತರು ಬಗೀಹರಸಲಿ. ಇನ್ನೊಂದು: ನಮ್ಮ ಗಲ್ಲಿಯೊಳಗ ಮಧ್ಯಾಹ್ನ ಕರೆಂಟ್ ಹೊಕ್ಕೈತಿ. ನಡುವ ಹೋದ್ರ?

ಭಟ್ಟಿ ಕಾಕಾ

ಬಾಗಿಲಾ ತಗೀಬ್ಯಾಡ. ಕಾಲ ತಾಸಿನೊಳಗ ಬಂದ್ರ ಅಷ್ಟ ಟೈಮ್ ಮುಂದ ಕೂಡಸು. ಅದಕ್ಕೂ ಹೆಚ್ಚಾದ್ರ ಕಾಯಕೋತ ಕೂಡಬ್ಯಾಡ, ಅರೆಬೆಂದ ಮಾಂಸ ಉಗುರುಬೆಚ್ಚಗ ಇಡೂದು ಛಲೋ ಅಲ್ಲ. ಪಟ್ಟಿ ಎರಡೆರಡು ಎಲುಬಿಗೆ ಕಡದು, ದಪ್ಪ ತಳದ ಬೋಗುಣ್ಯಾಗ ಅದೇ ರಸದ ಸಂಗಡ ಗ್ಯಾಸಿನ ಮ್ಯಾಲ ಸಣ್ಣ ಉರಿಗೆ ಮುಚ್ಚಿ ಇಡು. ಕರೆಂಟ್ ಬಂದ ಮ್ಯಾಲ ಕಡೀ ಹತ್ತು ನಿಮಿಷದ ಸುಡೂ ಕೆಲಸಕ್ಕ ಒಟಿಜಿ ಹಚ್ಚು.

ಅನಗೋಳ ಎಕ್ಸ್‌ಪ್ರೆಸ್

ಅಂದ್ರ ಕಡೀಕ ಗ್ಯಾಸಿಗೇ ಬಂದ್ರಿ. ಐತ್ವಾರ ಎಷ್ಟು ಗಂಟೆಕ್ಕ ಬರಬೇಕು ಹೇಳ್ರಿ.